ಗಾಲಿ ಮೇಲಿನ ವಠಾರ

ಟ್ರೇಲರ್ ಮನೆಯನ್ನು ಮುಂದಕ್ಕೆ ಎಳೆದುಕೊಂಡು ಹೋಗುವುದನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಕಲಿತುಬಿಡಬಹುದು. ಹಿಂದಕ್ಕೆ ಬಿಡುವ ವಿದ್ಯೆ ಹಾಗಲ್ಲ, ಅದಕ್ಕೆ ಇನ್ನೊಬ್ಬರು ಬೇಕೇ ಬೇಕು. ಇಪ್ಪತ್ತೈದು ಅಡಿ ಉದ್ದದ ಬಿಳಿ ಪೆಟ್ಟಿಗೆ ಬೆನ್ನ ಹಿಂದಿರುವಾಗ ಚಾಲಕನ ಕನ್ನಡಿಗಳಲ್ಲಿ ಕಾಣುವುದು ಆ ಪೆಟ್ಟಿಗೆಯ ಎರಡು ಪಕ್ಕಗಳು ಮಾತ್ರ. ಹಿಂದೆ ಮರವಿದೆಯೋ, ನಲ್ಲಿ ಕಂಬವಿದೆಯೋ, ಚೆಂಡು ಹುಡುಕಿಕೊಂಡು ಬಂದ ಮಗುವಿದೆಯೋ, ಕೆಳಗೆ ನಿಂತವರೇ ಹೇಳಬೇಕು. ಸಾಲದ್ದಕ್ಕೆ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಹಿಂಭಾಗ ಬಲಕ್ಕೆ ಹೋಗುತ್ತದೆ. ಅನುಭವಿಗಳು ಹೊಸಬರಿಗೆ ಹೇಳಿಕೊಡುವ ಉಪಾಯ ಒಂದಿದೆ: ಸ್ಟಿಯರಿಂಗಿನ ಕೆಳತುದಿಯನ್ನು ಹಿಡಿ, ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸು. ಬುದ್ಧಿಗೆ ಇದು ತಕ್ಷಣ ಹೊಳೆಯುತ್ತದೆ, ಕೈಗೆ ಬರಲು ಕಾಲ ಬೇಕು.

ಏಪ್ರಿಲ್ ತಿಂಗಳ ಆ ಶುಕ್ರವಾರ ಸಂಜೆ, ಕ್ಯಾಲಿಫೋರ್ನಿಯಾದ ಪಿನಕಲ್ಸ್ ರಾಷ್ಟ್ರೀಯ ಉದ್ಯಾನದ ಕ್ಯಾಂಪ್‌ಗ್ರೌಂಡಿನಲ್ಲಿ ಶಿವಮೊಗ್ಗದ ಗೆಳೆಯ ಪಿಕಪ್ ಟ್ರಕ್ಕಿನಲ್ಲಿ ಕೂತು ಹೀಗೆ ಕೈ ಸರಿಸುತ್ತಿದ್ದ. ಅವನ ಹೆಂಡತಿ ಎಡಗನ್ನಡಿಯಲ್ಲಿ ಕಾಣುವ ಹಾಗೆ ನಿಂತಿದ್ದರು. ಬಲಗಡೆ ಮಂಡ್ಯದ ಗೆಳೆಯ. "ಬರ್ಲಿ, ಬರ್ಲಿ, ಬರ್ಲಿ... ಇನ್ನೂ ಬರ್ಲಿ... ಹೋಲ್ಡಾನ್!" ಬಸ್ ನಿಲ್ದಾಣದಲ್ಲಿ ಕಂಡಕ್ಟರುಗಳಿಂದ ಕಲಿತ ಈ ಮಾತು ಓಕ್ ಮರಗಳ ನಡುವೆ ಖಣಖಣನೆ ಕೇಳುತ್ತಿತ್ತು. ಪಕ್ಕದ ಜಾಗದಲ್ಲಿ ಕುರ್ಚಿ ಹಾಕಿಕೊಂಡಿದ್ದ ಅಮೆರಿಕದ ಹಿರಿಯರೊಬ್ಬರು ಭಾಷೆ ತಿಳಿಯದಿದ್ದರೂ ಎದ್ದು ಬಂದರು. ಯಾರೂ ನಿಂತಿರದ ಮೂಲೆಯಲ್ಲಿ ನಿಂತು ಎರಡೂ ಕೈ ಎತ್ತಿ ದಾರಿ ತೋರಿದರು. ಟ್ರೇಲರ್ ತನ್ನ ಜಾಗದಲ್ಲಿ ಕೂತಾಗ ಚಪ್ಪಾಳೆ ಬಿತ್ತು. ಕ್ಯಾಂಪ್‌ಗ್ರೌಂಡುಗಳಲ್ಲಿ ಇದು ರೂಢಿ. ರಿವರ್ಸ್ ತೆಗೆಯುತ್ತಿರುವವರನ್ನು ನೋಡಿಕೊಂಡು ಸುಮ್ಮನೆ ಕೂರುವುದು ಅಲ್ಲಿ ಸಭ್ಯತೆ ಅಲ್ಲ.

ಪಿನಕಲ್ಸ್ ಇರುವುದು ಸ್ಯಾನ್ ಹೋಸೆ ನಗರದಿಂದ ದಕ್ಷಿಣಕ್ಕೆ ಸುಮಾರು 80 ಮೈಲಿ ದೂರದಲ್ಲಿ. ಹಾಲಿಸ್ಟರ್ ಎಂಬ ಕೃಷಿಪಟ್ಟಣ ದಾಟಿದ ಮೇಲೆ 25ನೇ ಹೆದ್ದಾರಿ ಹುಲ್ಲುಗುಡ್ಡಗಳ ನಡುವೆ ತಿರುತಿರುಗಿ ಸಾಗುತ್ತದೆ. ಭೂಮಿಯ ಬಿರುಕೊಂದು ಹಾಲಿಸ್ಟರ್ ಊರಿನ ಮಧ್ಯದಲ್ಲೇ ಹಾದುಹೋಗಿದೆ. ಅದು ಸದ್ದಿಲ್ಲದೆ ತೆವಳುತ್ತಲೇ ಇರುವುದರಿಂದ ಕೆಲವು ಬೀದಿಗಳಲ್ಲಿ ಫುಟ್‌ಪಾತಿನ ಅಂಚು ಸೊಟ್ಟಗಾಗಿರುವುದನ್ನು ಕಣ್ಣಾರೆ ನೋಡಬಹುದು. ಪಿನಕಲ್ಸಿನ ಕಥೆ ಇದಕ್ಕಿಂತ ದೊಡ್ಡದು. ಸುಮಾರು 2.3 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯಿಂದ ಹುಟ್ಟಿದ ಈ ಬಂಡೆಗಳು ಸ್ಯಾನ್ ಆಂಡ್ರಿಯಾಸ್ ಬಿರುಕಿನ ಪಕ್ಕದಲ್ಲಿ ಇಂಚಿಂಚಾಗಿ ಸರಿದು, ಹುಟ್ಟಿದ ಜಾಗದಿಂದ ಸುಮಾರು 195 ಮೈಲಿ ವಾಯವ್ಯಕ್ಕೆ ಬಂದು ನಿಂತಿವೆ. ಹೆಚ್ಚುಕಡಿಮೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಇರುವಷ್ಟು ದೂರ. ಥಿಯೋಡರ್ ರೂಸ್ವೆಲ್ಟ್ 1908ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು, 2013ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಪೂರ್ವ, ಪಶ್ಚಿಮ ಎರಡೂ ಕಡೆ ಬಾಗಿಲಿದ್ದರೂ ನಡುವೆ ವಾಹನ ಹೋಗುವ ರಸ್ತೆಯಿಲ್ಲ. ಕ್ಯಾಂಪ್‌ಗ್ರೌಂಡ್ ಇರುವುದು ಪೂರ್ವದ ಕಡೆ. ಮೊಬೈಲ್ ಸಿಗ್ನಲ್ ಬಹುಮಟ್ಟಿಗೆ ಸಿಗುವುದಿಲ್ಲ. ನಾಲ್ಕು ಟ್ರೇಲರುಗಳ ನಮ್ಮ ಬಳಗ ಈ ಜಾಗವನ್ನು ಆರಿಸಿಕೊಳ್ಳಲು ಅದೂ ಒಂದು ಕಾರಣ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ ಕನ್ನಡಿಗರಿಗೆ ಬರವಿಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಶುರುವಾದದ್ದು 1973ರಲ್ಲಿ. ಯುಗಾದಿಗೆ ನಾಟಕ, ರಾಜ್ಯೋತ್ಸವಕ್ಕೆ ಹಾಡು, ಮಕ್ಕಳಿಗೆ ಕನ್ನಡ ತರಗತಿ ಎಲ್ಲವೂ ಇವೆ. ಆದರೆ ಗೆಳೆತನಕ್ಕೆ ಅಲ್ಲಿ ವೇಳಾಪಟ್ಟಿ ಇದೆ. ಹುಟ್ಟುಹಬ್ಬಕ್ಕೆ ಆಹ್ವಾನ ಬಂದರೆ ಅದರಲ್ಲೇ ಎರಡರಿಂದ ಐದು ಗಂಟೆ ಎಂದು ಬರೆದಿರುತ್ತದೆ. ಕರೆದವರು ಅಂದು ಬಡಿಸುತ್ತಾರೆ, ಬಂದವರು ಉಣ್ಣುತ್ತಾರೆ, ಮುಂದಿನ ತಿಂಗಳು ಪಾತ್ರ ಅದಲುಬದಲು. ಹತ್ತು ವರ್ಷ ಒಡನಾಡಿದವರ ಮನೆಯಲ್ಲೂ ಸಿಂಕಿನಲ್ಲಿ ಪಾತ್ರೆ ಬಿದ್ದಿರುವುದನ್ನು ನಾವು ನೋಡಿರುವುದಿಲ್ಲ. ನಾನು ಬೆಳೆದದ್ದು ಮೈಸೂರಿನ ವಠಾರದಲ್ಲಿ. ಒಂದು ಅಂಗಳ, ಒಂದು ನಲ್ಲಿ, ಅದರ ಸುತ್ತ ಏಳೆಂಟು ಮನೆ. ಯಾರ ಮನೆಯಲ್ಲಿ ಒಗ್ಗರಣೆ, ಯಾರ ಮನೆಯಲ್ಲಿ ಜ್ವರ, ಯಾರಿಗೆ ಸಂಬಳ ತಡವಾಗಿದೆ ಎಂಬುದು ಕೇಳದೆಯೇ ತಿಳಿಯುತ್ತಿತ್ತು. ನಾಲ್ಕು ಟ್ರೇಲರುಗಳು ಒಂದೇ ಸಾಲಿನಲ್ಲಿ ನಿಂತು ಬಾಗಿಲು ತೆರೆದಾಗ ಹುಟ್ಟುವುದು ಅದೇ ವಠಾರ. ಎಲ್ಲರೂ ಎಲ್ಲರ ಎದುರಿಗೇ ಹಲ್ಲುಜ್ಜುತ್ತಾರೆ. ಉಪ್ಪು ಸಾಲ ಕೇಳುತ್ತಾರೆ. ಗಂಡಹೆಂಡಿರ ಸಣ್ಣ ಮನಸ್ತಾಪ ತೆಳ್ಳನೆ ಗೋಡೆಯಾಚೆ ಕೇಳುತ್ತದೆ, ಕೇಳಿದವರು ಕಾಫಿ ಲೋಟ ಹಿಡಿದುಕೊಂಡು ಬರುತ್ತಾರೆ. ಜನ ಟ್ರೇಲರ್ ಕೊಳ್ಳುವುದು ಕಾಡು ನೋಡಲು ಎನ್ನುತ್ತಾರೆ. ನನಗನಿಸುವುದು, ಅದು ಕೊಡುವ ದೊಡ್ಡ ವಸ್ತು ನೆರೆಹೊರೆ.

ಇದು ನಮ್ಮ ಹೊಸ ಶೋಧವೇನೂ ಅಲ್ಲ. 1919ರಲ್ಲೇ ಫ್ಲಾರಿಡಾದ ಟ್ಯಾಂಪಾ ನಗರದ ಉದ್ಯಾನವೊಂದರಲ್ಲಿ ಕಾರಿಗೆ ಗುಡಾರ ಕಟ್ಟಿಕೊಂಡು ಬಂದ ಪ್ರವಾಸಿಗರು ಸೇರಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಸಂಘ ಕಟ್ಟಿದ್ದರು. ಟ್ರೇಲರಿನ ಚರಿತ್ರೆಯಲ್ಲಿ ಹೆಚ್ಚು ಕೇಳಿಬರುವ ಹೆಸರು ವಾಲಿ ಬಯಮ್ ಅವರದು. ಒರೆಗಾನ್ ರಾಜ್ಯದಲ್ಲಿ 1896ರಲ್ಲಿ ಹುಟ್ಟಿದ ಬಯಮ್ ಹುಡುಗನಾಗಿದ್ದಾಗ ಕುರಿ ಕಾಯುತ್ತ, ಸೀಮೆಎಣ್ಣೆ ಒಲೆಯಿದ್ದ ಗಾಡಿಯಲ್ಲಿ ವಾಸವಿದ್ದವರು. ಮುಂದೆ ಲಾಸ್ ಏಂಜಲೀಸಿನಲ್ಲಿ ಪತ್ರಿಕೆಗಳ ಪ್ರಕಾಶಕರಾದರು. ಹೆಂಡತಿ ಮೇರಿಯನ್‌ಗೆ ನೆಲದ ಮೇಲೆ ಮಲಗುವುದು ಸೇರುತ್ತಿರಲಿಲ್ಲ. ಬಯಮ್ ಫೋರ್ಡ್ ಮಾಡೆಲ್ ಟಿ ಕಾರಿನ ಚಾಸಿಯ ಮೇಲೆ ಹಲಗೆ ಜೋಡಿಸಿ ಗುಡಾರ ಎಬ್ಬಿಸಿದರು. ಮಳೆಯಲ್ಲಿ ಅದು ಸುಖವಿಲ್ಲವೆಂದು ಗಟ್ಟಿ ಗೋಡೆಯ ಸಣ್ಣ ಗಾಡಿ ಕಟ್ಟಿದರು. ದಾರಿಯಲ್ಲಿ ಕಂಡವರೆಲ್ಲ ವಿಚಾರಿಸತೊಡಗಿದಾಗ ಅದರ ನಕ್ಷೆಗಳನ್ನು ಅಂಚೆಯಲ್ಲಿ ಮಾರಿದರು. 1931ರಲ್ಲಿ ಏರ್‌ಸ್ಟ್ರೀಮ್ ಕಂಪನಿ ಹುಟ್ಟಿತು. ಇತ್ತ ಹಾಲಿ ಬೌಲಸ್ ಎಂಬ ವಿಮಾನ ತಜ್ಞರು 1934ರಲ್ಲಿ ಅಲ್ಯೂಮಿನಿಯಂ ತಗಡಿನ ಟ್ರೇಲರ್ ಮಾಡಿದ್ದರು. ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬರೇ ಅಟ್ಲಾಂಟಿಕ್ ದಾಟಿದ ವಿಮಾನದ ನಿರ್ಮಾಣದ ಉಸ್ತುವಾರಿ ನೋಡಿದವರು ಈ ಬೌಲಸ್. ಅವರ ದಾರಿಯನ್ನೇ ಹಿಡಿದು 1936ರಲ್ಲಿ ಬಂದದ್ದು ಏರ್‌ಸ್ಟ್ರೀಮಿನ 'ಕ್ಲಿಪರ್'. ರಿವೆಟ್ ಹೊಡೆದ ಬೆಳ್ಳಿಬಣ್ಣದ ಮೈ, ಒಳಗೆ ನಾಲ್ವರು ಮಲಗುವ ಜಾಗ, ಸ್ವಂತ ನೀರು, ವಿದ್ಯುತ್ ದೀಪ, ಬೆಲೆ 1,200 ಡಾಲರ್. ಆರ್ಥಿಕ ಕುಸಿತದ ಆ ಕಾಲಕ್ಕೆ ಅದು ದೊಡ್ಡ ಮೊತ್ತ.

ಬಯಮ್ ಅವರನ್ನು ನಾನು ಮೆಚ್ಚುವುದು ಟ್ರೇಲರಿಗಿಂತ ಹೆಚ್ಚಾಗಿ ಅವರು ಕಟ್ಟಿದ ಕಾರವಾನುಗಳಿಗೆ. 1951ರಿಂದ ಅವರು ಗಿರಾಕಿಗಳನ್ನು ಗುಂಪು ಕಟ್ಟಿಕೊಂಡು ಹೊರಟರು, ಮೊದಲು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಗೆ. 1959ರಲ್ಲಿ 41 ಟ್ರೇಲರುಗಳು ಆಫ್ರಿಕಾದ ಕೇಪ್‌ಟೌನಿನಿಂದ ಹೊರಟು ಕೈರೊ ತಲುಪಿದವು. ಸೇತುವೆಯಿಲ್ಲದ ಹೊಳೆ, ಕೆಸರು, ಮುರಿದ ಅಚ್ಚು ಎಲ್ಲವನ್ನೂ ದಾಟಿದ ಜನರಲ್ಲಿ ಬಹಳ ಮಂದಿ ನಿವೃತ್ತರು. ಒಂದು ಗಾಡಿ ಹೂತುಕೊಂಡರೆ ಉಳಿದವರು ಹಗ್ಗ ಹಿಡಿಯುತ್ತಿದ್ದರು. ರಾತ್ರಿ ಬಯಲಲ್ಲಿ ಟ್ರೇಲರುಗಳನ್ನು ದುಂಡಾಗಿ ನಿಲ್ಲಿಸಿ ನಡುವೆ ಅಂಗಳ ಮಾಡಿಕೊಳ್ಳುತ್ತಿದ್ದರು. ಆ ಕಾಲದ ಫೋಟೊಗಳು ಇಂದಿಗೂ ಚಂದ. ಇನ್ನೊಂದು ಕಡೆ, 1969ರಲ್ಲಿ ಚಂದ್ರನಿಂದ ಮರಳಿದ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರನ್ನೂ ಸೋಂಕಿನ ಭಯದಿಂದ ಇರಿಸಿದ್ದು ಮಾರ್ಪಡಿಸಿದ ಏರ್‌ಸ್ಟ್ರೀಮ್ ಟ್ರೇಲರಿನಲ್ಲೇ. ಅಧ್ಯಕ್ಷ ನಿಕ್ಸನ್ ಅವರೊಡನೆ ಮಾತಾಡಿದ್ದು ಅದರ ಹಿಂದಿನ ಕಿಟಕಿಯ ಗಾಜಿನಾಚೆಯಿಂದ. ಆಗ ಆ ಟ್ರೇಲರ್ ಇದ್ದ ಹಡಗು, ಹಾರ್ನೆಟ್, ಈಗ ನಮ್ಮ ಕೊಲ್ಲಿಯ ಅಲಮೀಡಾದಲ್ಲಿ ವಸ್ತುಸಂಗ್ರಹಾಲಯವಾಗಿದೆ. ಅಪೊಲೊ 14ರ ಯಾನಿಗಳನ್ನು ಇರಿಸಿದ್ದ ಟ್ರೇಲರ್ ಅಲ್ಲಿದೆ. ನಮ್ಮ ಮಕ್ಕಳು ಅದನ್ನು ನೋಡಿಬಂದ ಮೇಲೆ ಬಾಡಿಗೆ ಟ್ರೇಲರಿನ ಮಡಚುವ ಹಾಸಿಗೆಗೂ ಗೌರವ ಬಂತು.

ಎಳೆಯುವ ವಿಷಯಕ್ಕೆ ಮರಳಿ ಬರಬೇಕು. ಇಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು, ಹೊಸಬರು ಗಮನ ಕೊಡದಿರುವುದೂ ಇಲ್ಲೇ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಕ್ಕೆಯ ಮೇಲೆ, ಅಂದರೆ ಹಿಚ್ ಮೇಲೆ ಬೀಳಬೇಕು. ಅಕ್ಕಿ ಮೂಟೆ, ಸೈಕಲ್, ಕುರ್ಚಿ ಎಲ್ಲವನ್ನೂ ಹಿಂಬದಿಗೆ ತುಂಬಿದರೆ ಮುಂಭಾಗ ಹಗುರವಾಗುತ್ತದೆ. ಹೆದ್ದಾರಿಯಲ್ಲಿ ಒಂದು ಗಾಳಿ ಬೀಸಿದರೆ, ಒಂದು ದೊಡ್ಡ ಲಾರಿ ಪಕ್ಕದಲ್ಲಿ ಹಾದರೆ ಟ್ರೇಲರ್ ಎಡಬಲ ತೂಗತೊಡಗುತ್ತದೆ. ತೂಗಾಟ ಬೆಳೆದು ಟ್ರಕ್ಕನ್ನೇ ಹೊರಳಿಸಿದ ಅಪಘಾತಗಳಿವೆ. ಆಗ ಗಾಬರಿಯಿಂದ ಬ್ರೇಕ್ ಒತ್ತಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಟ್ರೇಲರಿನ ಬ್ರೇಕನ್ನಷ್ಟೇ ಹಾಕುವ ಸಣ್ಣ ಕೈಗುಂಡಿಯನ್ನು ಮೆಲ್ಲಗೆ ಒತ್ತಬೇಕು. ಅದು ಚಾಲಕನ ಮೊಣಕಾಲಿನ ಹತ್ತಿರ ಇರುತ್ತದೆ. ಹೊರಡುವ ಮುನ್ನ ಅದು ಎಲ್ಲಿದೆ ಎಂದು ಕಣ್ಣುಮುಚ್ಚಿ ಮುಟ್ಟಿ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿ ಮಿತಿ. ಓಡುವಾಗ ಟ್ರೇಲರಿನೊಳಗೆ ಯಾರೂ ಕೂರುವಂತಿಲ್ಲ, ಮಕ್ಕಳಂತೂ ಕೂಡದೇ ಕೂಡದು. ಹಾಸನದ ಗೆಳೆಯ ಹೊರಡುವ ಮೊದಲು ನಾಲ್ಕೂ ಟ್ರೇಲರುಗಳ ಸುತ್ತ ನಡೆದು, ಅಡ್ಡಹಾಕಿದ ಎರಡು ಸರಪಳಿ, ಲೈಟಿನ ಏಳು ಪಿನ್ನಿನ ಪ್ಲಗ್, ಟೈರಿನ ಗಾಳಿ, ಮೇಲ್ಛಾವಣಿಯ ಗಾಳಿಕಿಂಡಿ ಎಲ್ಲವನ್ನೂ ಮುಟ್ಟಿ ನೋಡುತ್ತಾನೆ. ತನ್ನದನ್ನು ಮಾತ್ರ ತಾನು ನೋಡುವುದಿಲ್ಲ. "ನನ್ನ ಕಣ್ಣಿಗೆ ನಂದು ಸರಿಯಾಗೇ ಕಾಣುತ್ತೆ, ನೀನು ನೋಡು ಗುರು" ಎಂದು ಇನ್ನೊಬ್ಬರಿಗೆ ಬಿಡುತ್ತಾನೆ. ಈ ಪದ್ಧತಿ ನನಗೆ ತುಂಬ ಇಷ್ಟ.

ನಿಲ್ಲಿಸಿದ ಮೇಲಿನ ಕೆಲಸಕ್ಕೂ ಒಂದು ಕ್ರಮವಿದೆ. ಮೊದಲು ಎಡಬಲ ಮಟ್ಟ ನೋಡಿ, ತಗ್ಗಾದ ಕಡೆಯ ಚಕ್ರದಡಿ ಹಲಗೆ. ಆಮೇಲೆ ಚಕ್ರಕ್ಕೆ ಅಡೆ ಕೊಟ್ಟು, ಅದಾದ ಮೇಲಷ್ಟೇ ಟ್ರಕ್ಕಿನಿಂದ ಬಿಡಿಸುವುದು. ಕೊನೆಗೆ ಮುಂದಿನ ಜಾಕ್ ತಿರುಗಿಸಿ ಹಿಂದುಮುಂದಿನ ಮಟ್ಟ. ಗಾರೆಕೆಲಸದವರ ರಸಮಟ್ಟವೊಂದನ್ನು ಶಿವಮೊಗ್ಗದ ಗೆಳೆಯ ಊರಿಂದಲೇ ತಂದಿಟ್ಟುಕೊಂಡಿದ್ದಾನೆ. ಬಾಗಿಲ ಹೊಸ್ತಿಲ ಮೇಲಿಟ್ಟು ಗುಳ್ಳೆ ನಡುವಿಗೆ ಬರುವ ತನಕ ಬಿಡುವುದಿಲ್ಲ. ನಾಲ್ಕು ಮೂಲೆಯ ಸಣ್ಣ ಜಾಕುಗಳು ಅಲುಗಾಟ ತಡೆಯಲಿಕ್ಕೆ, ಭಾರ ಎತ್ತಲಿಕ್ಕಲ್ಲ. ಇನ್ನು ನೀರು. ಪಿನಕಲ್ಸಿನಲ್ಲಿ ಟ್ರೇಲರಿನ ಜಾಗಗಳಿಗೆ ಕರೆಂಟ್ ಉಂಟು, ಒಳಚರಂಡಿ ಇಲ್ಲ, ನಲ್ಲಿ ಹಂಚಿಕೊಳ್ಳಬೇಕು. ನಲವತ್ತು ಗ್ಯಾಲನ್ನಿನ ಟ್ಯಾಂಕೆಂದರೆ ಸುಮಾರು 150 ಲೀಟರ್. ಒಂದು ಕುಟುಂಬಕ್ಕೆ ಎರಡು ರಾತ್ರಿ ಅಷ್ಟೇ. ಅದಕ್ಕಿಂತ ಬಿಗಿಯಾದದ್ದು ಕೊಳೆನೀರಿನ ಟ್ಯಾಂಕು: ಪಾತ್ರೆ ತೊಳೆದ, ಸ್ನಾನ ಮಾಡಿದ ನೀರೆಲ್ಲ ಅಲ್ಲೇ ಕೂಡುತ್ತದೆ. ಅದು ತುಂಬಿದರೆ ಬಚ್ಚಲಿನ ಜಾಲರಿಯಿಂದ ಮೇಲೆ ಬರುತ್ತದೆ.

ಹಾಸನದ ಗೆಳೆಯನ ತಾಯಿ ಊರಿಂದ ಬಂದಿದ್ದರು. ಎಪ್ಪತ್ತು ದಾಟಿದ್ದಾರೆ. ಮೊದಲ ದಿನ ಒಳಗೆಲ್ಲ ನೋಡಿ, "ಅಷ್ಟು ದೊಡ್ಡ ಮನೆ ಬಿಟ್ಟು ಇದ್ರೊಳಗೆ ಮಲಗಾಕೆ ಇಷ್ಟು ದೂರ ಬರ್ಬೇಕಿತ್ತೇನಪ್ಪ?" ಎಂದು ಕೇಳಿದರು. ಟ್ಯಾಂಕಿನ ಲೆಕ್ಕ ಕೇಳಿದ ಮೇಲೆ ಅವರೇ ಅಡುಗೆಯ ಯಜಮಾನಿಕೆ ವಹಿಸಿಕೊಂಡರು. ಎಂಜಲು ತಟ್ಟೆಯನ್ನು ಮೊದಲು ಕಾಗದದಿಂದ ಒರೆಸಬೇಕು. ಅಕ್ಕಿ ತೊಳೆದ ನೀರಲ್ಲಿ ಮೊದಲ ಸುತ್ತು ಪಾತ್ರೆ, ಆಮೇಲೆ ಒಂದು ಚೊಂಬು ಒಳ್ಳೇ ನೀರು. ಹತ್ತು ಹನ್ನೆರಡು ಜನರ ಪಾತ್ರೆ ಎರಡು ಬಕೆಟ್ಟಿನಲ್ಲಿ ಮುಗಿಯಿತು. ಬಕೆಟ್ ನೀರನ್ನು ನೆಲಕ್ಕೆ ಚೆಲ್ಲಲು ಹೊರಟ ಅವರಿಗೆ ಮೊಮ್ಮಗಳು ಅಲ್ಲಿನ ನಿಯಮ ಹೇಳಿದಳು: ಕೊಳೆನೀರು ಮಣ್ಣಿಗೆ ಬೀಳುವಂತಿಲ್ಲ, ಸಿಂಕಿಗೇ ಹೋಗಬೇಕು. "ಸರಿ ಬುಡು, ಕಾಡು ಅವರ್ದು" ಎಂದು ಅಜ್ಜಿ ಬಕೆಟ್ ಹಿಂದಕ್ಕೆ ತಂದರು. ಮನೆಯಲ್ಲಿ ಡಿಶ್‌ವಾಷರ್ ಗುಂಡಿ ಒತ್ತಿ ಬೆಳೆದ ಮಕ್ಕಳು ಆ ಬಕೆಟ್ಟಿನ ಸುತ್ತ ಕುಕ್ಕರಗಾಲಲ್ಲಿ ಕೂತು ಲೋಟ ಅದ್ದುತ್ತಿದ್ದುದನ್ನು ನೋಡಿ ನಮಗೆಲ್ಲ ಹಿತವೆನಿಸಿತು.

ಕರೆಂಟಿನದೂ ಹಂಚಿಕೆಯ ಲೆಕ್ಕ. 30 ಆಂಪಿಯರಿನ ಪ್ಲಗ್ ಕೊಡುವುದು ಹೆಚ್ಚೆಂದರೆ 3,600 ವ್ಯಾಟ್. ಕೋಣೆ ಬಿಸಿ ಮಾಡುವ ಹೀಟರಿಗೆ 1,500, ಅನ್ನ ಬೇಯಿಸುವ ವಿದ್ಯುತ್ ಕುಕ್ಕರಿಗೆ ಸಾವಿರದ ಆಸುಪಾಸು, ನೀರು ಕಾಯಿಸಲು ಇನ್ನೂ ಸಾವಿರದ ಮೇಲೆ. ಮೂರನ್ನೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಆದ್ದರಿಂದ ಒಂದು ಟ್ರೇಲರಿನಲ್ಲಿ ಅನ್ನ, ಇನ್ನೊಂದರಲ್ಲಿ ಸಾರು, ಮತ್ತೊಂದರಲ್ಲಿ ಬಿಸಿನೀರು. ಕರಿಯುವುದು, ರೊಟ್ಟಿ ಸುಡುವುದು ಹೊರಗೆ ಗ್ಯಾಸ್ ಒಲೆಯಲ್ಲಿ. ರಾತ್ರಿ ಚಳಿಯೆಂದು ಒಳಗಿನ ಅಡುಗೆ ಒಲೆ ಉರಿಸಿ ಬೆಚ್ಚಗೆ ಮಾಡಿಕೊಳ್ಳುವ ಯೋಚನೆ ಯಾರಿಗೂ ಬರಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಪತ್ತೆಹಚ್ಚುವ ಗಂಟೆಯ ಬ್ಯಾಟರಿ ನೋಡಿಕೊಂಡೇ ಮಲಗಬೇಕು.

ಶನಿವಾರ ಬೆಳಿಗ್ಗೆ ಕಾಫಿ ಹಿಡಿದು ಹೊರಬಂದಾಗ ಕ್ಯಾಂಪ್‌ಗ್ರೌಂಡಿನ ದೂರದರ್ಶಕದ ಸುತ್ತ ಜನ ನೆರೆದಿದ್ದರು. ಆಗ್ನೇಯದ ದಿಣ್ಣೆಯ ಮೇಲಿನ ಒಣಮರದಲ್ಲಿ ಕ್ಯಾಲಿಫೋರ್ನಿಯಾ ಕಾಂಡೋರ್ ರಣಹದ್ದುಗಳು ಕೂತಿದ್ದವು. ಬಿಸಿಲೇರಿ ಗಾಳಿ ಮೇಲಕ್ಕೇಳುವ ತನಕ ಅವು ಅಲುಗುವುದಿಲ್ಲ. ಒಂಬತ್ತರ ಹೊತ್ತಿಗೆ ಒಂದು ಹಕ್ಕಿ ಕೊಂಬೆಯಿಂದ ಮುಂದಕ್ಕೆ ಬಾಗಿ, ರೆಕ್ಕೆ ಬಿಚ್ಚಿ ಗಾಳಿಗೆ ಮೈಕೊಟ್ಟಿತು. ತುದಿಯಿಂದ ತುದಿಗೆ ಒಂಬತ್ತೂವರೆ ಅಡಿ ರೆಕ್ಕೆ. ಒಮ್ಮೆಯೂ ಬಡಿಯದೆ ನಮ್ಮ ಟ್ರೇಲರುಗಳ ಮೇಲೆ ಒಂದು ಸುತ್ತು ಬಂತು. ರೆಕ್ಕೆಯ ಅಡಿಯ ಬಿಳಿ ಪಟ್ಟಿ, ಅದರ ಮೇಲಿನ ನಂಬರಿನ ಬಿಲ್ಲೆ ಬರಿಗಣ್ಣಿಗೇ ಕಂಡವು. 1982ರಲ್ಲಿ ಲೋಕದಲ್ಲಿ ಈ ಹಕ್ಕಿ ಉಳಿದದ್ದು ಕೇವಲ 22. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು ಮೃಗಾಲಯಗಳಲ್ಲಿ ಸಾಕಿ, ಮರಿ ಮಾಡಿಸಿ, ಮತ್ತೆ ಹಾರಿಬಿಟ್ಟರು. ಪಿನಕಲ್ಸಿನಲ್ಲಿ ಬಿಡಲು ಶುರುಮಾಡಿದ್ದು 2003ರಲ್ಲಿ. ಸಾಮಾನ್ಯವಾಗಿ ಎರಡು ವರ್ಷಕ್ಕೊಂದು ಮೊಟ್ಟೆ ಇಡುವ ಹಕ್ಕಿ ಇದು. ಬೇಟೆಗಾರರು ಬಿಟ್ಟುಹೋದ ಪ್ರಾಣಿಯ ಮಾಂಸದಲ್ಲಿನ ಸೀಸದ ಗುಂಡಿನ ಚೂರು ತಿಂದು ಸಾಯುತ್ತಿದ್ದವು. 2019ರ ಜುಲೈನಿಂದ ಕ್ಯಾಲಿಫೋರ್ನಿಯಾ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದೆ. ಭಾರತದಲ್ಲಿ ದನಗಳ ನೋವಿನ ಔಷಧಿ ಡೈಕ್ಲೊಫೆನಾಕ್ ರಣಹದ್ದುಗಳನ್ನು ಅಳಿಸಿದ ಕಥೆಯನ್ನು ಮಂಡ್ಯದ ಗೆಳೆಯ ಮಕ್ಕಳಿಗೆ ಹೇಳಿದ. ರಾಮನಗರದ ರಾಮದೇವರ ಬೆಟ್ಟದಲ್ಲಿ ಅವನ್ನು ಉಳಿಸಲೆಂದೇ ಅಭಯಾರಣ್ಯ ಮಾಡಿದ್ದಾರೆಂದೂ ಹೇಳಿದ. ಆ ಬೆಟ್ಟ ಅವನು ದಿನಾ ರೈಲಿನಲ್ಲಿ ನೋಡುತ್ತಿದ್ದ ಬೆಟ್ಟ.

ಆಮೇಲೆ ಬೇರ್ ಗಲ್ಚ್ ಗವಿಗೆ ನಡೆದೆವು. ಕಿರಿದಾದ ಕಣಿವೆಗೆ ಮೇಲಿನಿಂದ ದೊಡ್ಡ ಬಂಡೆಗಳು ಉರುಳಿ ಸಿಕ್ಕಿಕೊಂಡು ಚಾವಣಿಯಾದ ಗವಿ ಅದು. ಒಳಗೆ ನೀರು ಹರಿಯುತ್ತದೆ, ಟಾರ್ಚ್ ಇಲ್ಲದೆ ಹೋಗಲಾಗದು. ದೊಡ್ಡ ಕಿವಿಯ ಬಾವಲಿಗಳ ತಾಣವಾದ್ದರಿಂದ ಅವು ಮರಿ ಹಾಕುವ ಕಾಲದಲ್ಲಿ ಬಾಗಿಲು ಮುಚ್ಚುತ್ತಾರೆ. ಅತ್ತ ಕಡೆ ಹೊರಬಿದ್ದರೆ ಮೆಟ್ಟಿಲು, ಮೆಟ್ಟಿಲ ಮೇಲೆ ಸಣ್ಣ ಕೆರೆ. ಅಜ್ಜಿ ಗವಿಗೆ ಬರಲಿಲ್ಲ, ಬಿಸಿಲಲ್ಲಿ ಕೂತು ಹುಣಸೆಹಣ್ಣು ಕಿವುಚುತ್ತೇನೆಂದರು.

ಆ ಸಂಜೆ ಪುಳಿಯೋಗರೆ, ಹುರುಳಿಕಾಳಿನ ಸಾರು, ಹೊರಗಿನ ಒಲೆಯಲ್ಲಿ ಅಕ್ಕಿರೊಟ್ಟಿ. ಕಬ್ಬಿಣದ ಕಾವಲಿ ಕಾಯುವಷ್ಟರಲ್ಲಿ ಸಬ್ಬಸಿಗೆ ಸೊಪ್ಪಿನ ವಾಸನೆ ಸಾಲಿನ ಕೊನೆಯವರೆಗೂ ಹೋಗಿತ್ತು. ನಮಗೆ ದಾರಿ ತೋರಿದ್ದ ನೆರೆಯ ಹಿರಿಯರೂ ಅವರ ಪತ್ನಿಯೂ ತಮ್ಮ ಕುರ್ಚಿಗಳನ್ನು ಹೊತ್ತುಕೊಂಡೇ ಬಂದರು. ಅವರದು ಹಳೆಯ ಏರ್‌ಸ್ಟ್ರೀಮ್. ಒಂದೊಂದೇ ರಿವೆಟ್ ಬದಲಿಸಿ ತಾವೇ ದುರಸ್ತಿ ಮಾಡಿಕೊಂಡದ್ದಂತೆ. ಆ ಹಿರಿಯರು ನಮ್ಮ ಗಂಡಸರಿಗೆಲ್ಲ ಬೆಂಕಿ ಹೊತ್ತಿಸುವಾಗ ಸೌದೆಯನ್ನು ಹೇಗೆ ಸಡಿಲವಾಗಿ ಜೋಡಿಸಬೇಕೆಂದು ತೋರಿಸಿದರು. ಅಜ್ಜಿ ಅವರ ಪತ್ನಿಗೆ ಒದ್ದೆ ಬಟ್ಟೆಯ ಮೇಲೆ ರೊಟ್ಟಿ ತಟ್ಟುವುದನ್ನು ಕೈಹಿಡಿದು ಕಲಿಸಿದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ರೊಟ್ಟಿ ಮಾತ್ರ ದುಂಡಗೆ ಬಂತು. ಊಟವಾದ ಮೇಲೆ ಹಾಡು, ಅಂತ್ಯಾಕ್ಷರಿ. ರಾತ್ರಿ 10ರ ನಂತರ ಗದ್ದಲ ಮಾಡುವಂತಿಲ್ಲ ಎಂಬ ನಿಯಮವಿದೆ. ಹತ್ತಕ್ಕೆ ಹಾಡು ನಿಂತಿತು, ಮಾತು ನಿಲ್ಲಲಿಲ್ಲ. ದನಿ ತಗ್ಗಿದಾಗ ಜನ ಬೇರೆಯೇ ಮಾತಾಡುತ್ತಾರೆ. ಆರು ತಿಂಗಳಿಂದ ಕೆಲಸವಿಲ್ಲದ ವಿಷಯವನ್ನು ನಮ್ಮಲ್ಲೊಬ್ಬ ಮೊದಲ ಬಾರಿಗೆ ಹೇಳಿದ್ದು ಆ ಬೆಂಕಿಯ ಮುಂದೆ. ಅಷ್ಟೂ ಕಾಲ ಅವನನ್ನು ನಾವು ಪಾರ್ಟಿಗಳಲ್ಲಿ ಕಾಣುತ್ತಲೇ ಇದ್ದೆವು. ಎರಡರಿಂದ ಐದರ ನಡುವೆ ಆ ಮಾತಿಗೆ ಜಾಗವಿರಲಿಲ್ಲ.

ಎಲ್ಲ ಟ್ರೇಲರ್ ಬಿಡಾರಗಳೂ ಹೀಗಿರುತ್ತವೆ ಎಂದಲ್ಲ. ನಲವತ್ತು ಅಡಿಯ ಗಾಡಿ ತಂದು, ಹೊರಗೋಡೆಗೆ ಟಿವಿ ತೂಗುಹಾಕಿ, ಜನರೇಟರ್ ಗುಡುಗಿಸುತ್ತ ಕೂರುವವರೂ ಇದ್ದಾರೆ. ಅದು ನೆರೆಯವರ ಕಾಡನ್ನು ಕಸಿದುಕೊಳ್ಳುವುದು ಎಂದೇ ನನ್ನ ಅಭಿಪ್ರಾಯ. ಎಳೆಯುವಾಗ ಟ್ರಕ್ಕಿನ ಮೈಲೇಜ್ ಅರ್ಧಕ್ಕಿಳಿಯುತ್ತದೆ, ಅದೂ ಸಣ್ಣ ಮಾತಲ್ಲ. ನಮ್ಮ ಬಳಗ ದೂರದೂರಿಗೆ ಹೋಗದೆ ಹತ್ತಿರದ ಜಾಗಗಳನ್ನೇ ಹುಡುಕುವುದು ಇದಕ್ಕೇ.

ಕೊಳ್ಳುವ ಆಸೆಯುಳ್ಳವರು ಮೊದಲು ಬಾಡಿಗೆಗೆ ತೆಗೆದುಕೊಳ್ಳಲಿ. ಕೋವಿಡ್ ಕಾಲದಲ್ಲಿ ಅಮೆರಿಕಕ್ಕೆ ಗಾಲಿಮನೆಗಳ ಹುಚ್ಚು ಹಿಡಿದಿತ್ತು. ಟ್ರೇಲರ್, ಮೋಟಾರ್‌ಹೋಮ್ ಸೇರಿ 2021ರಲ್ಲಿ 6 ಲಕ್ಷಕ್ಕೂ ಹೆಚ್ಚು ಗಾಡಿಗಳು ಕಾರ್ಖಾನೆಗಳಿಂದ ಹೊರಬಿದ್ದವು. 2023ರಲ್ಲಿ ಅದು 3 ಲಕ್ಷದ ಆಸುಪಾಸಿಗೆ ಇಳಿಯಿತು. ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರಿನ ಸುತ್ತ. ಅಲ್ಲಿನ ಆಮಿಶ್ ಸಮುದಾಯದ ಬಡಗಿಗಳ ಕೈಚಳಕ ಅನೇಕ ಗಾಡಿಗಳಲ್ಲಿದೆ. ಆತುರದಲ್ಲಿ ಕೊಂಡು, ಎರಡು ಸಲ ಬಳಸಿ, ತಿಂಗಳ ಬಾಡಿಗೆ ಕೊಟ್ಟು ಎಲ್ಲೋ ನಿಲ್ಲಿಸಿದವರು ಈಗ ಮಾರುತ್ತಿದ್ದಾರೆ. ಹಳೆಯದನ್ನು ಕೊಳ್ಳುವವರು ಮೇಲ್ಛಾವಣಿಯ ಅಂಚುಗಳನ್ನು, ಹಾಸಿಗೆಯ ಕೆಳಗಿನ ಮೂಲೆಗಳನ್ನು ಹೆಬ್ಬೆರಳಿಂದ ಒತ್ತಿ ನೋಡಬೇಕು. ಮೆತ್ತಗಿದ್ದರೆ ನೀರು ಇಳಿದು ಮರ ಕೊಳೆತಿದೆ ಎಂದರ್ಥ, ಎಷ್ಟು ಅಗ್ಗವಾದರೂ ಬೇಡ. ತೂಕದ ವಿಷಯದಲ್ಲಿ ಮಾರುವವರ ಮಾತು ಸಾಲದು. ಖಾಲಿ ಗಾಡಿಯ ತೂಕವನ್ನಷ್ಟೇ ಹೇಳುತ್ತಾರೆ, ತುಂಬಿದ ಮೇಲಿನ ಗರಿಷ್ಠ ತೂಕವನ್ನು ಬಾಗಿಲ ಬಳಿಯ ಬಿಲ್ಲೆಯಲ್ಲಿ ಓದಿಕೊಳ್ಳಬೇಕು.

ಭಾನುವಾರ ಹನ್ನೊಂದರ ಹೊತ್ತಿಗೆ ನಾಲ್ಕೂ ಟ್ರೇಲರುಗಳು ಡಂಪ್ ಸ್ಟೇಷನ್ ಸಾಲಿನಲ್ಲಿದ್ದವು. ಶೌಚದ ಟ್ಯಾಂಕ್ ಖಾಲಿ ಮಾಡುವ ಜಾಗ ಅದು. ಕೈಗೆ ಗ್ಲೌಸ್, ದಪ್ಪ ಪೈಪಿನ ಒಂದು ತುದಿ ಟ್ರೇಲರಿಗೆ, ಇನ್ನೊಂದು ನೆಲದ ಕಿಂಡಿಗೆ ಬಿಗಿಯಾಗಿ. ಮೊದಲು ಶೌಚದ ಟ್ಯಾಂಕಿನ ಸನ್ನೆ ಎಳೆಯಬೇಕು, ಅದು ಮುಗಿದ ಮೇಲೆ ಸ್ನಾನ-ಪಾತ್ರೆಯ ನೀರಿನದು. ಎರಡನೆಯದು ಮೊದಲನೆಯದರ ಗಲೀಜನ್ನು ಪೈಪಿನಿಂದ ತೊಳೆದುಕೊಂಡು ಹೋಗುತ್ತದೆ. ಈ ಕೆಲಸವನ್ನು ನಮ್ಮ ಬಳಗದಲ್ಲಿ ಅವರವರದು ಅವರವರು ಮಾಡುವುದಿಲ್ಲ. ಇಬ್ಬರು ಗ್ಲೌಸ್ ತೊಟ್ಟು ನಾಲ್ಕನ್ನೂ ಮುಗಿಸುತ್ತಾರೆ, ಮುಂದಿನ ಸಲ ಬೇರೆ ಇಬ್ಬರು. ಒಳ್ಳೆಯ ಸಂಬಳದ ಎಂಜಿನಿಯರುಗಳು ಗೆಳೆಯನ ಮನೆಯ ಶೌಚದ ಟ್ಯಾಂಕನ್ನು ತೊಳೆಯಲು ಸರದಿ ಹಚ್ಚುತ್ತಾರೆ ಎಂದರೆ ಊರಲ್ಲಿ ನಂಬುವುದು ಕಷ್ಟ. ನಮ್ಮ ನಾಡಿನಲ್ಲಿ ಈ ಕೆಲಸವನ್ನು ಇಂಥವರೇ ಮಾಡಬೇಕೆಂದು ಹಣೆಪಟ್ಟಿ ಕಟ್ಟಿದ ಚರಿತ್ರೆ ಗೊತ್ತಿರುವ ನನಗೆ, ನಮ್ಮ ಮಕ್ಕಳು ಆ ಗ್ಲೌಸ್ ಯಾರದೆಂದು ಕೇಳದೆ ತೊಡುವುದು ಮುಖ್ಯವೆನಿಸುತ್ತದೆ.

ಸಾಲಿನಲ್ಲಿ ಕಾಯುವಾಗಲೇ ಮುಂದಿನ ಜಾಗದ ಮಾತು ಬಂತು. ಇಂಥ ಕ್ಯಾಂಪ್‌ಗ್ರೌಂಡುಗಳ ಬುಕಿಂಗ್ ಆರು ತಿಂಗಳ ಮುಂಚೆ ತೆರೆಯುತ್ತದೆ. ವಾರಾಂತ್ಯದ ಜಾಗಗಳು ನಿಮಿಷಗಳಲ್ಲಿ ಖಾಲಿ. ಒಂದೇ ಸಾಲಿನ ನಾಲ್ಕು ಜಾಗ ಬೇಕೆಂದರೆ ನಾಲ್ಕು ಜನ ನಾಲ್ಕು ಕಂಪ್ಯೂಟರಿನ ಮುಂದೆ ಕೂರಬೇಕು. ಅಕ್ಟೋಬರಿಗೆ ಸಮುದ್ರದ ಕಡೆ, ಮಾರೋ ಬೇ ಊರಿಗೆ ಹೋಗೋಣವೆಂದಾಯಿತು. ಅಜ್ಜಿಯ ವೀಸಾದಲ್ಲಿ ಅವರು ಇಲ್ಲಿರಬಹುದಾದ ಅವಧಿಯೂ ಆರೇ ತಿಂಗಳು, ಅದರಲ್ಲಿ ಮೂರು ಕಳೆದಿತ್ತು. ಮಗ ಬೆರಳೆಣಿಸಿ, "ಆಗ ನೀನು ಹಾಸನದಲ್ಲಿರ್ತೀಯ ಅಮ್ಮ" ಎಂದ. "ಹಂಗಾದ್ರೆ ಬರೋ ವರ್ಷ ಯುಗಾದಿ ಟೈಮಿಗೆ ಹಾಕ್ರೋ. ನಾನು ಬರೋ ಟಿಕೆಟ್ಟು ನೋಡ್ಕಂಡು ಹಾಕಿ" ಎಂದರು ಅಜ್ಜಿ. ಶಿವಮೊಗ್ಗದ ಗೆಳೆಯ ಟ್ರಕ್ಕಿನಿಂದ ಇಳಿದು ಬಂದು, "ಎರಡೂ ಹಾಕೋಣ ಮಾರಾಯ, ಅಕ್ಟೋಬರೂ ಹಾಕೋಣ, ಯುಗಾದಿಯೂ ಹಾಕೋಣ" ಎಂದು ಫೋನ್ ತೆಗೆದ. ಸಿಗ್ನಲ್ ಇರಲಿಲ್ಲ. ಹಾಲಿಸ್ಟರಿನಲ್ಲಿ ಪೆಟ್ರೋಲ್ ಹಾಕಿಸುವಾಗ ಎಲ್ಲರೂ ದಿನಾಂಕ ಬರೆದುಕೊಂಡರು.